ಶಾಸನದ ಸಾಲು, ಪುಟದ ನಡು: ಸಿಎಸ್‌ಎಸ್ ಜೋಡಣೆಯ ಚರಿತ್ರೆ ನಮಗೆ ಯಾಕೆ ಬೇಕು

ಶಾಸನ ಪಾಠಗಳನ್ನು ಜಾಲಪುಟಕ್ಕೆ ಏರಿಸುವವರು ಈಗ ಸಾಕಷ್ಟು ಜನ ಇದ್ದಾರೆ. ಶಾಲೆಯ ಮೇಷ್ಟ್ರುಗಳು, ನಿವೃತ್ತರು, ನನ್ನಂಥ ಎಂಜಿನಿಯರುಗಳು, ಎಲ್ಲರೂ ಸೇರಿದ್ದೇವೆ, ಸಂತೋಷದ ಸಂಗತಿ. ಆದರೆ ಈ ಪುಟಗಳಲ್ಲಿ ಬಹಳಷ್ಟು ಒಂದೇ ಅಚ್ಚಿನಲ್ಲಿ ಹೊಯ್ದ ಹಾಗಿರುತ್ತವೆ. ಮೇಲೆ ಕಲ್ಲಿನ ಫೋಟೋ ನಡುವಿಗೆ, ಅದರ ಕೆಳಗೆ ಶೀರ್ಷಿಕೆ ನಡುವಿಗೆ, ಆಮೇಲೆ ಪಾಠದ ಹದಿನೈದಿಪ್ಪತ್ತು ಸಾಲುಗಳೂ ಒಂದರ ಕೆಳಗೊಂದು ನಡುವಿಗೆ. ನೋಡೋಕೆ ಮದುವೆಯ ಕರೆಯೋಲೆ ಥರ ಚೆನ್ನಾಗೇ ಇರುತ್ತೆ. ಕಲ್ಲಿನಲ್ಲಿ ಮಾತ್ರ ಹಾಗಿರುವುದಿಲ್ಲ.

ಪಾಠದ ಪೆಟ್ಟಿಗೆಯನ್ನು ಪುಟದ ನಡುವಿಗೆ ತರುವುದು ಒಂದು ಕೆಲಸ. ಪಾಠದ ಒಂದೊಂದು ಸಾಲನ್ನೂ ನಡುವಿಗೆ ತರುವುದು ಬೇರೆಯೇ ಕೆಲಸ. ಮೊದಲನೆಯದರಿಂದ ಯಾರಿಗೂ ತೊಂದರೆ ಇಲ್ಲ. ಎರಡನೆಯದು ಶಾಸನದ ಸಾಕ್ಷ್ಯವನ್ನೇ ತಿದ್ದಿಬಿಡುತ್ತದೆ. ಇವೆರಡೂ ಒಂದೇ ಅಂತ ನಮಗೆ ಅನ್ನಿಸಿರುವುದಕ್ಕೆ ಜಾಲದ ಚರಿತ್ರೆಯಲ್ಲೇ ಕಾರಣ ಇದೆ. ಅದಕ್ಕೇ ಈ ಬರಹ.

ಮೊದಲು ಕಲ್ಲನ್ನು ನೋಡೋಣ. ನಮ್ಮ ನಾಡಿನ ಶಿಲಾಶಾಸನಗಳಲ್ಲಿ ನಡುವಿಗೆ ಜೋಡಿಸುವ ಪ್ರಜ್ಞೆ ಇಲ್ಲವೇ ಇಲ್ಲ ಅಂತಲ್ಲ. ದಾನಶಾಸನದ ತಲೆಯ ಪಟ್ಟಿಕೆಯಲ್ಲಿ ಲಿಂಗ ನಡುವಿಗೆ, ಒಂದು ಪಕ್ಕದಲ್ಲಿ ಪೂಜಾರಿ, ಇನ್ನೊಂದು ಪಕ್ಕದಲ್ಲಿ ಹಸು-ಕರು, ಮೇಲೆ ಸೂರ್ಯ-ಚಂದ್ರ: ಇದು ಲೆಕ್ಕ ಹಾಕಿ ಕೂರಿಸಿದ ಜೋಡಣೆ. ಆದರೆ ಆ ಪಟ್ಟಿಕೆ ಮುಗಿದು ಬರಹ ಶುರುವಾದ ಕೂಡಲೇ ನಿಯಮ ಬದಲಾಗುತ್ತದೆ. ಸಾಲು ಎಡ ಅಂಚಿನಿಂದ ಹೊರಡುತ್ತದೆ, ಬಲ ಅಂಚು ಸಿಗುವವರೆಗೆ ಹೋಗುತ್ತದೆ. ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇಲ್ಲ. ಪದ ಅರ್ಧಕ್ಕೆ ನಿಂತರೂ ಅಡ್ಡಗೆರೆ ಇಲ್ಲ, ಉಳಿದರ್ಧ ಮುಂದಿನ ಸಾಲಿನಲ್ಲಿ. ಜಾಗ ಕಡಿಮೆಯಾದರೆ ಕಂಡರಿಸುವವನು ಅಕ್ಷರಗಳನ್ನು ಒತ್ತೊತ್ತಾಗಿ ಕೂರಿಸುತ್ತಾನೆ. ಅಂದರೆ ಶಾಸನದ ಸಾಲು ಅರ್ಥದ ಅಳತೆ ಅಲ್ಲ, ಕಲ್ಲಿನ ಅಗಲದ ಅಳತೆ. ನಾನು ನೋಡಿರುವ ಕಲ್ಲುಗಳಲ್ಲಿ ಪಾಠದ ಸಾಲನ್ನು ನಡುವಿಗೆ ತಂದದ್ದು ತೀರಾ ಅಪರೂಪ. ‘ಸ್ವಸ್ತಿ ಶ್ರೀ’ ಕೂಡ ಎಡಮೂಲೆಯಿಂದಲೇ ಹೊರಡುತ್ತದೆ. ಕೊನೆಯ ಸಾಲು ಎಲ್ಲಿ ಮುಗಿಯಬೇಕೋ ಅಲ್ಲಿ ಮುಗಿಯುತ್ತದೆ, ಇಲ್ಲವೇ ‘ಮಂಗಳ ಮಹಾ ಶ್ರೀ ಶ್ರೀ ಶ್ರೀ’ ಬಂದು ಉಳಿದ ಜಾಗ ತುಂಬುತ್ತದೆ.

ಇದರಿಂದ ಏನಾಗಬೇಕು ಅಂತ ಕೇಳಬಹುದು. ಅಕ್ಷರಗಳು ಸರಿಯಾಗಿದ್ದರೆ ಸಾಲದೇ? ಕಲ್ಲು ಪೂರ್ತಿ ಇದ್ದರೆ ಸಾಕು ಅನ್ನಬಹುದೇನೋ. ಒಡೆದ ಕಲ್ಲಿಗೆ ಸಾಲದು.

ಲೆಕ್ಕಕ್ಕಾಗಿ ಒಂದು ಕಲ್ಲನ್ನು ಊಹಿಸಿಕೊಳ್ಳಿ. ಎಡಗಡೆ ಓರೆಯಾಗಿ ಒಡೆದಿದೆ, ಬಲ ಅಂಚು ಸರಿಯಾಗಿದೆ. ಮೂರು ಸಾಲಿನಲ್ಲಿ ಒಂದು ಉತ್ಪಲಮಾಲೆ ಪೂರ್ತಿ ಕೂತಿದೆ ಅಂತಿಟ್ಟುಕೊಳ್ಳಿ. ಪಾದಕ್ಕೆ 20 ಅಕ್ಷರ, ನಾಲ್ಕು ಪಾದ, ಒಟ್ಟು 80. ಕಲ್ಲಿನಲ್ಲಿ ಈಗ ಉಳಿದಿರುವುದು 67. ಹೋದದ್ದು 13. ಒಡಕಿನ ಓರೆ ನೋಡಿದರೆ ಮೊದಲ ಸಾಲಿನಲ್ಲಿ 2, ಎರಡನೆಯದರಲ್ಲಿ 4, ಮೂರನೆಯದರಲ್ಲಿ 7 ಹೋಗಿರಬೇಕು ಅಂತ ಅಳೆಯಬಹುದು. ಛಂದಸ್ಸಿನ ಲೆಕ್ಕವೂ ಒಡಕಿನ ಲೆಕ್ಕವೂ ಕೂಡಿ ಬಂತು. ಮೇಲಾಗಿ ಪಾದದ ಎರಡನೆಯ ಅಕ್ಷರದಲ್ಲಿ ಪ್ರಾಸ ಇರಬೇಕು, ಹೋದ ಅಕ್ಷರಗಳಲ್ಲಿ ಒಂದು ಆ ಜಾಗದ್ದಾಗಿದ್ದರೆ ಅದರ ವ್ಯಂಜನ ಯಾವುದು ಅಂತಲೂ ಗೊತ್ತಾಯಿತು. ಪಾಠ ತುಂಬುವುದಕ್ಕೆ ಇದಕ್ಕಿಂತ ಗಟ್ಟಿ ಆಧಾರ ಬೇಡ.

ಈಗ ಅದೇ ಮೂರು ಸಾಲನ್ನು ಪುಟದಲ್ಲಿ ನಡುವಿಗೆ ತನ್ನಿ. ಮೂರನೆಯ ಸಾಲಿನ 7 ಅಕ್ಷರದ ನಷ್ಟ ಎಡಕ್ಕೆ ಮೂರೂವರೆ, ಬಲಕ್ಕೆ ಮೂರೂವರೆ ಎಂದು ಹಂಚಿಹೋಯಿತು. ಸರಿಯಾಗಿದ್ದ ಬಲ ಅಂಚೂ ಈಗ ಒಡೆದ ಹಾಗೆ ಕಾಣುತ್ತದೆ. ಕಲ್ಲನ್ನು ನೋಡದ ಓದುಗ ಎರಡೂ ಕಡೆ ತ್ರುಟಿತ ಅಂತ ತಿಳಿದು ಎರಡೂ ಕಡೆ ಪಾಠ ತುಂಬಲು ಹೊರಡುತ್ತಾನೆ. ಎಡಕ್ಕೆ ಜೋಡಿಸಿದರೂ ಅಷ್ಟೇ, ಒಡಕು ಬಲಗಡೆಗೆ ವರ್ಗವಾಗುತ್ತದೆ. ಈ ಕಲ್ಲಿಗೆ ಬೇಕಾದದ್ದು ಬಲಜೋಡಣೆ. ಆಗ ಎಡ ಅಂಚಿನ ಓರೆ ತಾನಾಗಿ ಕಾಣುತ್ತದೆ. ಹೋದ ಅಕ್ಷರಕ್ಕೊಂದು ಚುಕ್ಕಿ ಹಾಕಿ ಚೌಕ ಕಂಸದಲ್ಲಿಟ್ಟರೆ ಇನ್ನೂ ಒಳ್ಳೆಯದು. 1931ರಲ್ಲಿ ಲೈಡನ್‌ನಲ್ಲಿ ಗ್ರೀಕ್-ಲ್ಯಾಟಿನ್ ವಿದ್ವಾಂಸರು ಒಪ್ಪಿಕೊಂಡ ಚಿಹ್ನೆಗಳ ಪದ್ಧತಿಯಲ್ಲೂ ಹೋದ ಭಾಗಕ್ಕೆ ಚೌಕ ಕಂಸವೇ ಗುರುತು. ಆದರೆ ಚುಕ್ಕಿ ಇದ್ದರೂ ಸಾಲುಗಳನ್ನು ನಡುವಿಗೆ ತಂದರೆ ಕಣ್ಣಿಗೆ ಕಾಣುವ ಆಕಾರ ಕೆಟ್ಟೇ ಕೆಡುತ್ತದೆ, ಯಾಕೆಂದರೆ ಚುಕ್ಕಿಯ ಅಗಲ ಅಕ್ಷರದ ಅಗಲ ಅಲ್ಲ.

ಇಷ್ಟು ಸರಳವಾದದ್ದು ಯಾಕೆ ಹೀಗೆ ಗೊಂದಲವಾಯಿತು? ಸ್ವಲ್ಪ ಹಿಂದಕ್ಕೆ ಹೋಗಬೇಕು.

ಜಾಲದ ಮೊದಲ ದಿನಗಳಲ್ಲಿ ಪುಟದ ರೂಪ ನಿರ್ಧರಿಸುವ ಅಧಿಕಾರ ಬರೆಯುವವನಿಗೆ ಇರಲೇ ಇಲ್ಲ ಅನ್ನಬೇಕು. ಎಚ್‌ಟಿಎಂಎಲ್‌ನಲ್ಲಿ ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ ಎಂದು ಹೇಳಬಹುದಿತ್ತು. ಅದು ಎಲ್ಲಿ ಕೂರಬೇಕು ಅನ್ನುವುದು ಬ್ರೌಸರ್‌ನ ಇಷ್ಟ. 1994ರಲ್ಲಿ ನೆಟ್‌ಸ್ಕೇಪ್ ತನ್ನದೇ ಆದ ‘ಸೆಂಟರ್’ ಟ್ಯಾಗ್ ತಂದಿತು. ಅದರೊಳಗೆ ಏನೇ ಹಾಕಿ, ಚಿತ್ರ, ಟೇಬಲ್, ಪ್ಯಾರಾ, ಎಲ್ಲವೂ ನಡುವಿಗೆ. ಪೆಟ್ಟಿಗೆಯೂ ನಡುವಿಗೆ, ಪೆಟ್ಟಿಗೆಯೊಳಗಿನ ಸಾಲೂ ನಡುವಿಗೆ. ಎರಡು ಬೇರೆ ಕೆಲಸ ಒಂದೇ ಹೆಸರಿನಡಿ ಸೇರಿಹೋದದ್ದು ಇಲ್ಲೇ. ಜನಕ್ಕೆ ಅದು ಬಹಳ ಹಿಡಿಸಿತು. 1997ರ ಜನವರಿಯ ಎಚ್‌ಟಿಎಂಎಲ್ 3.2ರಲ್ಲಿ ಅದಕ್ಕೆ ಅಧಿಕೃತ ಸ್ಥಾನವೂ ಸಿಕ್ಕಿತು, ಅದೇ ವರ್ಷದ ಡಿಸೆಂಬರಿನ 4.0ರಲ್ಲಿ ‘ಇದನ್ನು ಬಳಸಬೇಡಿ’ ಎಂಬ ಪಟ್ಟಿಗೂ ಸೇರಿತು. ಒಂದೇ ವರ್ಷದಲ್ಲಿ ಪಟ್ಟಾಭಿಷೇಕ, ವನವಾಸ ಎರಡೂ.

ಅಷ್ಟರಲ್ಲಿ ಸಿಎಸ್‌ಎಸ್ ಬಂದಾಗಿತ್ತು. ಹೋಕನ್ ವಿಯುಮ್ ಲೀ 1994ರ ಅಕ್ಟೋಬರಿನಲ್ಲಿ ಸರ್ನ್ ಸಂಸ್ಥೆಯಲ್ಲಿದ್ದಾಗ ಇದರ ಪ್ರಸ್ತಾವ ಮುಂದಿಟ್ಟರು, ಬರ್ಟ್ ಬಾಸ್ ಜೊತೆಯಾದರು, 1996ರ ಡಿಸೆಂಬರ್ 17ರಂದು ಮೊದಲ ಆವೃತ್ತಿ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂತು. ಅದರಲ್ಲಿ ಎರಡು ಕೆಲಸಕ್ಕೆ ಎರಡು ಹೆಸರು ಇದ್ದವು. ‘ಟೆಕ್ಸ್ಟ್-ಅಲೈನ್: ಸೆಂಟರ್’ ಎಂದರೆ ಪೆಟ್ಟಿಗೆಯೊಳಗಿನ ಸಾಲುಗಳು ಒಂದೊಂದೂ ನಡುವಿಗೆ. ಪೆಟ್ಟಿಗೆಗೆ ಒಂದು ಅಗಲ ಕೊಟ್ಟು ಎಡ-ಬಲದ ‘ಮಾರ್ಜಿನ್’ ಎರಡನ್ನೂ ‘ಆಟೋ’ ಮಾಡಿದರೆ ಪೆಟ್ಟಿಗೆ ನಡುವಿಗೆ. ಒಳಗಿನ ಸಾಲು ಇದ್ದಲ್ಲೇ ಇರುತ್ತದೆ. ಶಾಸನ ಪಾಠಕ್ಕೆ ಬೇಕಾಗಿದ್ದ ಭೇದ 1996ರಲ್ಲೇ ಕೈಗೆ ಸಿಕ್ಕಿತ್ತು.

ಸಿಕ್ಕಿದ್ದು ಕಾಗದದ ಮೇಲೆ. ವಿಂಡೋಸ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಮತ್ತು 5.5 ಆವೃತ್ತಿಗಳು ಆಟೋ ಮಾರ್ಜಿನ್ನನ್ನು ಗಣನೆಗೇ ತೆಗೆದುಕೊಳ್ಳುತ್ತಿರಲಿಲ್ಲ. ಅದರ ಬದಲು, ಸಾಲುಗಳಿಗೆ ಮಾತ್ರ ಅನ್ವಯವಾಗಬೇಕಾದ ಟೆಕ್ಸ್ಟ್-ಅಲೈನ್ ಅನ್ನು ಪೆಟ್ಟಿಗೆಗಳಿಗೂ ಅನ್ವಯಿಸುತ್ತಿದ್ದವು. ಹಾಗಾಗಿ ಪುಟ ಕಟ್ಟುವವರು ಒಂದು ಉಪಾಯ ಹೂಡಿದರು: ಇಡೀ ಪುಟಕ್ಕೆ ಟೆಕ್ಸ್ಟ್-ಅಲೈನ್ ಸೆಂಟರ್ ಹಾಕಿ, ಒಳಗಿನ ಪೆಟ್ಟಿಗೆಗೆ ಮತ್ತೆ ಎಡಕ್ಕೆ ಎಂದು ಹೇಳುವುದು. ಎರಡನೆಯ ಅರ್ಧ ಮರೆತರೆ ಎಲ್ಲ ಸಾಲೂ ನಡುವಿಗೆ. ಇನ್ನೊಬ್ಬರ ಪುಟದಿಂದ ನಕಲು ಮಾಡಿಕೊಂಡವರು ಮೊದಲ ಅರ್ಧವನ್ನಷ್ಟೇ ತಂದದ್ದು ಎಷ್ಟೋ. 2001ರ ಆರನೆಯ ಆವೃತ್ತಿಯಲ್ಲಿ, ಪುಟದ ತಲೆಯಲ್ಲಿ ಸರಿಯಾದ ಘೋಷಣೆ ಇದ್ದರೆ, ಇದು ಸರಿಹೋಯಿತು. ಅಭ್ಯಾಸ ಮಾತ್ರ ಸರಿಹೋಗಲಿಲ್ಲ. ಲಿಪಿಕಾರರ ವಿಷಯದಲ್ಲೂ ಇದು ನಮಗೆ ಗೊತ್ತಿರುವ ಸಂಗತಿ ತಾನೇ: ಮೂಲದ ಕಾರಣ ಹೋದ ಮೇಲೂ ರೂಢಿಯ ರೂಪ ಎರಡು ತಲೆಮಾರು ನಡೆಯುತ್ತದೆ.

ಮೇಲೆ-ಕೆಳಗಿನ ನಡು ಹಿಡಿಯುವುದು ಇನ್ನೂ ದೊಡ್ಡ ಪಾಡು. ಟೇಬಲ್ಲಿನ ಕೋಶದಲ್ಲಿಟ್ಟು ಮಾಡುವುದು, ಮೇಲಿನಿಂದ ಶೇಕಡ 50 ತಳ್ಳಿ ಅರ್ಧ ಎತ್ತರ ಹಿಂದಕ್ಕೆ ಎಳೆಯುವುದು, ಹೀಗೆ ಹತ್ತಾರು ತಂತ್ರ. 2009ರ ಜುಲೈನಲ್ಲಿ ಮೊದಲ ಕರಡು ಕಂಡ ಫ್ಲೆಕ್ಸ್‌ಬಾಕ್ಸ್ ಎರಡು ಸಲ ರೂಪ ಬದಲಿಸಿ ನೆಲೆಗೊಂಡ ಮೇಲೆ, 2017ರ ಮಾರ್ಚಿನಲ್ಲಿ ಗ್ರಿಡ್ ಕ್ರೋಮ್, ಫೈರ್‌ಫಾಕ್ಸ್‌ಗಳಿಗೆ ಬಂದ ಮೇಲೆ ಈ ಒದ್ದಾಟ ಮುಗಿಯಿತು. 2024ರಿಂದಂತೂ ಸಾಧಾರಣ ಪೆಟ್ಟಿಗೆಗೇ ‘ಅಲೈನ್-ಕಂಟೆಂಟ್: ಸೆಂಟರ್’ ಎಂದು ಒಂದು ಸಾಲು ಬರೆದರೆ ಸಾಕು. ನಮ್ಮ ಕೆಲಸಕ್ಕೆ ಇದರ ಉಪಯೋಗ ಕಡಿಮೆ, ಮುಂದೆ ಹೋಗುತ್ತೇನೆ.

ಆದರೆ ಫ್ಲೆಕ್ಸ್‌ಬಾಕ್ಸ್‌ನಿಂದ ಎರಡು ಹೊಸ ಅಪಾಯ ಬಂದಿವೆ, ಎರಡೂ ಶಾಸನದವರಿಗೆ ನೇರವಾಗಿ ತಟ್ಟುವಂಥವು.

ಮೊದಲನೆಯದು ಫೋಟೋದ್ದು. ಒಂದು ಪಕ್ಕ ಕಲ್ಲಿನ ಫೋಟೋ, ಇನ್ನೊಂದು ಪಕ್ಕ ಪಾಠ, ಎರಡನ್ನೂ ಫ್ಲೆಕ್ಸ್ ಪೆಟ್ಟಿಗೆಯಲ್ಲಿ ಅಕ್ಕಪಕ್ಕ ಇಡುವುದು ಈಗ ಎಲ್ಲರೂ ಮಾಡುವ ಕೆಲಸ. ‘ಅಲೈನ್-ಐಟಮ್ಸ್’ ಬಗ್ಗೆ ನೀವೇನೂ ಹೇಳದಿದ್ದರೆ ಅದು ‘ಸ್ಟ್ರೆಚ್’ನಂತೆ ನಡೆಯುತ್ತದೆ. ಅಂದರೆ ಪಾಠ ಉದ್ದವಾಗಿದ್ದರೆ ಪಕ್ಕದ ಫೋಟೋವನ್ನೂ ಅಷ್ಟೇ ಎತ್ತರಕ್ಕೆ ಎಳೆಯುತ್ತದೆ. ಅಗಲ ಹಾಗೇ ಇರುತ್ತದೆ. ಹೂವಿನ ಫೋಟೋ ಆದರೆ ಇರ್ಲಿ ಬಿಡಿ ಅನ್ನಬಹುದು. ನಾವು ಕಾಲ ಹೇಳದ ಶಾಸನಕ್ಕೆ ಅಕ್ಷರದ ಆಕಾರ ನೋಡಿ ಶತಮಾನ ಹೇಳುವವರು. ದುಂಡಗೆ, ಅಗಲವಾಗಿ ಇರುವ ಅಕ್ಷರ ನೀಳವಾಗಿ ಕಂಡರೆ ಅಭಿಪ್ರಾಯವೇ ವಾಲುತ್ತದೆ. ‘ಅಲೈನ್-ಐಟಮ್ಸ್: ಸ್ಟಾರ್ಟ್’ ಎಂದು ಬರೆದರೆ ಫೋಟೋ ತನ್ನ ಪ್ರಮಾಣದಲ್ಲೇ ಮೇಲೆ ಕೂರುತ್ತದೆ. ‘ಸೆಂಟರ್’ ಎಂದರೂ ಎಳೆಯುವುದಿಲ್ಲ, ಆದರೆ ಆಗ ಪಾಠದ ಮೊದಲ ಸಾಲು ಕಲ್ಲಿನ ತುದಿಗಿಂತ ಎಲ್ಲೋ ಮೇಲೆ ಹೋಗಿ, ಕಣ್ಣು ಓಡಿಸಿ ಹೋಲಿಸುವುದು ಕಷ್ಟ. ಸ್ಟಾರ್ಟೇ ಸರಿ.

ಎರಡನೆಯದು ಇನ್ನೂ ಸೂಕ್ಷ್ಮ. ಅಗಲವಾದ ಪಾಠವನ್ನು ಫ್ಲೆಕ್ಸ್‌ನಲ್ಲಿ ‘ಜಸ್ಟಿಫೈ-ಕಂಟೆಂಟ್: ಸೆಂಟರ್’ ಹಾಕಿ ನಡುವಿಗೆ ತಂದಿದ್ದೀರಿ, ಸಾಲು ಮುರಿಯಬಾರದು ಅಂತಲೂ ಹೇಳಿದ್ದೀರಿ. ಕಂಪ್ಯೂಟರಿನಲ್ಲಿ ಚೆನ್ನಾಗಿದೆ. ಅದನ್ನೇ ಫೋನಿನಲ್ಲಿ ತೆರೆದರೆ ಪೆಟ್ಟಿಗೆ ಪರದೆಗಿಂತ ದೊಡ್ಡದು. ನಡುವಿನಲ್ಲಿರಬೇಕು ಅಂತ ಆಜ್ಞೆ ಇರುವುದರಿಂದ ಅದು ಎರಡೂ ಕಡೆ ಸಮನಾಗಿ ಹೊರಚಾಚುತ್ತದೆ. ಬಲಕ್ಕೆ ಚಾಚಿದ್ದನ್ನು ಸರಿಸಿ ನೋಡಬಹುದು. ಎಡಕ್ಕೆ ಚಾಚಿದ್ದನ್ನು ನೋಡಲಾಗದು, ಪುಟ ಸೊನ್ನೆಯಿಂದ ಎಡಕ್ಕೆ ಸರಿಯುವುದೇ ಇಲ್ಲ. ಪ್ರತಿ ಸಾಲಿನ ಆರಂಭದ ಕೆಲವು ಅಕ್ಷರ ಕಾಣೆ. ಅವು ಕಾಣೆಯಾಗಿವೆ ಅಂತ ಹೇಳುವ ಗುರುತೂ ಇಲ್ಲ. ‘ಸ್ವಸ್ತಿ’ ಹೋಯಿತು, ಶಕವರ್ಷದ ಮೊದಲ ಅಂಕಿ ಹೋಯಿತು, ರಾಜನ ಬಿರುದಿನ ತಲೆ ಹೋಯಿತು. ಓದುವವನು ಕಲ್ಲೇ ಎಡಗಡೆ ಒಡೆದಿದೆ ಅಂದುಕೊಂಡರೆ ಅವನ ತಪ್ಪಲ್ಲ. ಸಿಎಸ್‌ಎಸ್ ನಿಯಮ ಬರೆಯುವವರಿಗೆ ಇದು ಗೊತ್ತಿದೆ. ಇದನ್ನು ಅವರು ಮಾಹಿತಿ ನಷ್ಟ ಎಂದೇ ಕರೆದು, ‘ಸೇಫ್ ಸೆಂಟರ್’ ಎಂಬ ಬೆಲೆಯನ್ನು ಕೊಟ್ಟಿದ್ದಾರೆ. ಜಾಗ ಇದ್ದರೆ ನಡುವಿಗೆ, ಇಲ್ಲದಿದ್ದರೆ ಆರಂಭಕ್ಕೆ. ಆಟೋ ಮಾರ್ಜಿನ್ ಹಳೆಯದಾದರೂ ಈ ವಿಷಯದಲ್ಲಿ ಮೊದಲಿನಿಂದಲೂ ಸುರಕ್ಷಿತ: ಜಾಗ ಸಾಲದಿದ್ದರೆ ಪೆಟ್ಟಿಗೆ ಎಡದಿಂದಲೇ ಶುರುವಾಗುತ್ತದೆ. ಹಾಗಾಗಿ ಪಾಠದ ಪೆಟ್ಟಿಗೆಗೆ ನಾನು ಈಗಲೂ ಆಟೋ ಮಾರ್ಜಿನ್ ಅನ್ನೇ ಹಾಕುತ್ತೇನೆ, ಜೊತೆಗೆ ಅಡ್ಡಲಾಗಿ ಸರಿಸುವ ಅವಕಾಶ.

ಫೋನಿನಲ್ಲಿ ಸಾಲು ಮುರಿಯಲು ಬಿಟ್ಟರೆ ಬೇರೆ ಕಷ್ಟ. ಕಲ್ಲಿನ 1ನೆಯ ಸಾಲು ಪರದೆಯಲ್ಲಿ ಎರಡಾಗಿ, 12ನೆಯ ಸಾಲನ್ನು ಉಲ್ಲೇಖಿಸುವವನು 20 ಅಂತ ಎಣಿಸಿರುತ್ತಾನೆ. ಅದಕ್ಕೆ ಸಾಲುಗಳನ್ನು ಕ್ರಮಸಂಖ್ಯೆಯ ಪಟ್ಟಿಯಾಗಿ ಬರೆಯಿರಿ. ಸಂಖ್ಯೆ ಅಂಚಿನಲ್ಲಿ ಉಳಿಯುತ್ತದೆ, ಮುರಿದ ಭಾಗ ಸಂಖ್ಯೆಯಿಲ್ಲದೆ ಒಳಗೆ ಸರಿದು ಕೂರುತ್ತದೆ. ಪಟ್ಟಿಯ ಶೈಲಿಗೆ ‘ಕನ್ನಡ’ ಎಂಬ ಬೆಲೆ ಸಿಎಸ್‌ಎಸ್‌ನಲ್ಲೇ ಇದೆ, ಅದನ್ನು ಕೊಟ್ಟರೆ ಅಂಕಿಗಳು ಕನ್ನಡದಲ್ಲೇ ಬರುತ್ತವೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಪದ್ಯಶಾಸನಗಳ ಸಂಗತಿ ಪ್ರತ್ಯೇಕವಾಗಿ ಹೇಳಬೇಕು. ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯ ರವಿಕೀರ್ತಿಯ ಪ್ರಶಸ್ತಿ, ಶಕ 556ರದು, ಎಲ್ಲರಿಗೂ ಗೊತ್ತು. ಅದರಲ್ಲಿ 37 ಪದ್ಯ. ಕಲ್ಲಿನಲ್ಲಿರುವುದು 19 ಸಾಲು. ಅಂದರೆ ಪದ್ಯದ ಕೊನೆಯೂ ಸಾಲಿನ ಕೊನೆಯೂ ಒಂದೇ ಕಡೆ ಬೀಳುವುದನ್ನು ನಿರೀಕ್ಷಿಸುವ ಹಾಗೇ ಇಲ್ಲ. ಸಾಹಿತ್ಯದ ಕಡೆಯಿಂದ ಬಂದವರು ಇದನ್ನು ಪಾದ ಪಾದವಾಗಿ ಒಡೆದು, ನಡುವಿಗೆ ತಂದು, ಕಾವ್ಯದ ಪುಸ್ತಕದ ಹಾಗೆ ಹಾಕುತ್ತಾರೆ. ಓದುವುದಕ್ಕೆ ಅದೇ ಸುಖ, ಒಪ್ಪುತ್ತೇನೆ. ಆದರೆ ಆ ಪುಟ ನೋಡಿ ‘ಎಂಟನೆಯ ಸಾಲಿನಲ್ಲಿ ಏನಿದೆ’ ಅಂದರೆ ಉತ್ತರ ಸಿಗುವುದಿಲ್ಲ. ನನ್ನ ಮಟ್ಟಿಗೆ ಒಂದೇ ಕಡತದಲ್ಲಿ ಎರಡನ್ನೂ ಗುರುತಿಸಿಡುವುದು ಒಳ್ಳೆಯದು: ಪದ್ಯ ಎಲ್ಲಿ ಮುಗಿಯಿತು, ಕಲ್ಲಿನ ಸಾಲು ಎಲ್ಲಿ ಮುಗಿಯಿತು. ಶಾಸನಗಳಿಗಾಗಿ ರೂಪಿಸಿರುವ ಎಪಿಡಾಕ್ ಪದ್ಧತಿಯಲ್ಲಿ ಸಾಲು ಶುರುವಾಗುವ ಜಾಗಕ್ಕೆ ಒಂದು ಪುಟ್ಟ ಗುರುತು ಇದೆ, ಪದದ ಮಧ್ಯೆ ಸಾಲು ಮುರಿದಿದೆ ಅನ್ನುವುದನ್ನೂ ಅದರಲ್ಲೇ ಹೇಳಬಹುದು. ರೂಪವನ್ನು ಆಮೇಲೆ ಸಿಎಸ್‌ಎಸ್ ನೋಡಿಕೊಳ್ಳುತ್ತದೆ, ಒಂದು ಗುಂಡಿ ಒತ್ತಿದರೆ ಪದ್ಯದ ನೋಟ, ಇನ್ನೊಂದು ಒತ್ತಿದರೆ ಕಲ್ಲಿನ ನೋಟ.

ಎಡ-ಬಲ ಅನ್ನುವ ಮಾತಿಗೂ ಒಂದು ಕೊಕ್ಕೆ ಇದೆ. ಬಿ. ಎಲ್. ರೈಸ್ 1892ರಲ್ಲಿ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಪತ್ತೆ ಮಾಡಿದ ಅಶೋಕನ ಶಾಸನದ ಕೊನೆಯಲ್ಲಿ ಬರೆದವನು ಚಪಡ ಎಂದಿದೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ. ‘ಲಿಪಿಕರೇಣ’ ಎಂಬ ಒಂದು ಪದ ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ದೂರದ ವಾಯವ್ಯದ ಲಿಪಿ ತನಗೆ ಬರುತ್ತದೆ ಅಂತ ಚಪಡ ತೋರಿಸಿಕೊಂಡ ಅಂತಲೇ ನನಗನ್ನಿಸುತ್ತದೆ. ಖರೋಷ್ಠಿ 2005ರಲ್ಲಿ, ಬ್ರಾಹ್ಮಿ 2010ರಲ್ಲಿ ಯೂನಿಕೋಡಿಗೆ ಬಂದಿವೆ. ಎರಡನ್ನೂ ಒಂದೇ ಸಾಲಿನಲ್ಲಿ ಟೈಪಿಸಿದರೆ ಖರೋಷ್ಠಿ ಪದವನ್ನು ಬ್ರೌಸರ್ ತಾನೇ ಬಲದಿಂದ ಎಡಕ್ಕೆ ಜೋಡಿಸುತ್ತದೆ. ಆದರೆ ಆ ಪದಕ್ಕೆ ಬೇರೆಯೇ ಪೆಟ್ಟಿಗೆ ಕೊಟ್ಟು, ದಿಕ್ಕನ್ನು ಬಲದಿಂದ ಎಂದು ಹೇಳಿದರೆ ‘ಟೆಕ್ಸ್ಟ್-ಅಲೈನ್: ಸ್ಟಾರ್ಟ್’ ಎಂಬುದರ ಅರ್ಥ ಬಲ ಅಂಚು ಎಂದಾಗುತ್ತದೆ, ‘ಲೆಫ್ಟ್’ ಎಂದರೆ ಎಡವೇ. ಎಡ-ಬಲ ಜಾಗದ ಮಾತು, ಆರಂಭ-ಅಂತ್ಯ ಲಿಪಿಯ ಮಾತು. ಒಡೆದ ಕಲ್ಲಿಗೆ ಜಾಗದ ಮಾತು ಬೇಕು, ಒಡಕಿಗೆ ಲಿಪಿ ಗೊತ್ತಿಲ್ಲವಲ್ಲ. ಪಾಠದ ಸಾಧಾರಣ ಸಾಲಿಗೆ ಲಿಪಿಯ ಮಾತು. ಆಂಧ್ರದ ಎರ್ರಗುಡಿಯ ಅಶೋಕ ಶಾಸನದಲ್ಲಂತೂ ಬ್ರಾಹ್ಮಿಯ ಕೆಲವು ಸಾಲುಗಳೇ ಬಲದಿಂದ ಎಡಕ್ಕೆ ತಿರುಗಿವೆ, ನೇಗಿಲ ಸಾಲಿನ ಹಾಗೆ. ಅಂಥ ಸಾಲುಗಳಿಗೆ ದಿಕ್ಕನ್ನು ಒಂದೊಂದಾಗಿ ಕೈಯಿಂದಲೇ ಬದಲಿಸಬೇಕು.

ಹಾಗಾದರೆ ಶಾಸನದ ಪುಟದಲ್ಲಿ ನಡುವಿಗೆ ತರುವ ಕೆಲಸ ಎಲ್ಲೂ ಇಲ್ಲವೇ? ಇದೆ. ಕಲ್ಲಿನ ನೋಟವನ್ನು ಗ್ರಿಡ್‌ನಲ್ಲಿ ಕಟ್ಟಿದಾಗ, ಸಾಲಿಗೊಂದು ಅಡ್ಡಪಟ್ಟಿ, ಅಕ್ಷರಕ್ಕೊಂದು ಕೋಶ. ಕೋಶದೊಳಗೆ ಅಕ್ಷರ ನಡುವಿಗೆ, ‘ಜಸ್ಟಿಫೈ-ಐಟಮ್ಸ್: ಸೆಂಟರ್’. ರ ಕಾರವೂ ‘ಕ್ಷ್ಮೀ’ಯೂ ಒಂದೊಂದು ಕೋಶವನ್ನೇ ತೆಗೆದುಕೊಳ್ಳುವುದರಿಂದ ಒಡಕಿನ ಲೆಕ್ಕ ಕಣ್ಣಿಗೆ ನೇರವಾಗಿ ಕಾಣುತ್ತದೆ: ಉತ್ಪಲಮಾಲೆಯ 13 ಅಕ್ಷರ ಹೋಗಿದ್ದರೆ 13 ಖಾಲಿ ಕೋಶ. ಪ್ರಾಸದ ಕೋಶಗಳಿಗೆ ಬಣ್ಣ ಹಾಕಬಹುದು. ಒಂದು ಎಚ್ಚರಿಕೆ: ಕಂಪ್ಯೂಟರಿಗೆ ‘ಕ್ಷ್ಮೀ’ ಆರು ಸಂಕೇತಗಳ ಸರ, ನಮಗೆ ಒಂದು ಅಕ್ಷರ. ಕೋಶಕ್ಕೆ ಒಡೆಯುವಾಗ ಅಕ್ಷರದಲ್ಲೇ ಒಡೆಯಬೇಕು, ಸಂಕೇತದಲ್ಲಲ್ಲ. ಇಲ್ಲದಿದ್ದರೆ ಒತ್ತುಗಳು ಅನಾಥವಾಗುತ್ತವೆ. ಇನ್ನೊಂದು: ಕೋಶ ಕೋಶವಾದ ಪಾಠವನ್ನು ನಕಲಿಸಿದರೆ ಅಕ್ಷರಕ್ಕೊಂದು ಸಾಲು ಬರುತ್ತದೆ, ಪುಟದಲ್ಲಿ ಪದ ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಈ ನೋಟದ ಪಕ್ಕದಲ್ಲಿ ಸಾದಾ ಪಾಠ ಇರಲೇಬೇಕು.

ತಾಮ್ರಪಟಗಳಿಗೆ ಬಂದರೆ ಸಿಎಸ್‌ಎಸ್ ಇನ್ನೂ ಸೋಲುತ್ತದೆ. ಹಲಗೆಗಳನ್ನು ಪೋಣಿಸುವ ಉಂಗುರದ ರಂಧ್ರ ಸಾಮಾನ್ಯವಾಗಿ ಎಡಭಾಗದಲ್ಲಿರುತ್ತದೆ, ಬರೆಯುವವನು ಆ ರಂಧ್ರದ ಸುತ್ತ ಜಾಗ ಬಿಟ್ಟು ಹೋಗುತ್ತಾನೆ. ಸಾಲು ಅಲ್ಲಿಗೆ ಬಂದು ನಿಂತು, ರಂಧ್ರ ದಾಟಿ, ಮತ್ತೆ ಮುಂದುವರಿಯುವುದೂ ಉಂಟು. ‘ಫ್ಲೋಟ್’ ಎಂಬ ಹಳೆಯ ಉಪಾಯ ಪೆಟ್ಟಿಗೆಯನ್ನು ಒಂದು ಅಂಚಿಗೆ ಅಂಟಿಸುತ್ತದೆ, ಬರಹ ಒಂದೇ ಪಕ್ಕದಲ್ಲಿ ಹರಿಯುತ್ತದೆ. ಎರಡೂ ಪಕ್ಕ ಹರಿಯುವ ಹಾಗೆ ಮಾಡುವ ‘ಎಕ್ಸ್‌ಕ್ಲೂಷನ್ಸ್’ ಎಂಬ ಪ್ರಸ್ತಾವ ಇತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ 10ರಿಂದ ಹಳೆಯ ಎಡ್ಜ್‌ವರೆಗೆ ಅದು ನಡೆಯಿತು, ಬೇರೆ ಬ್ರೌಸರುಗಳು ಕೈಗೆತ್ತಿಕೊಳ್ಳಲಿಲ್ಲ, ಅಲ್ಲಿಗೇ ನಿಂತಿತು. ತಾಮ್ರಪಟದ ಅಕ್ಕಸಾಲಿ ಸಲೀಸಾಗಿ ಮಾಡುತ್ತಿದ್ದ ಕೆಲಸಕ್ಕೆ ನಾವಿನ್ನೂ ಗ್ರಿಡ್‌ನಲ್ಲಿ ಕೋಶಗಳನ್ನು ಖಾಲಿ ಬಿಟ್ಟು ತೇಪೆ ಹಾಕುತ್ತಿದ್ದೇವೆ.

ವಿಜಯನಗರದ ಪಟಗಳಲ್ಲಿ ಇನ್ನೊಂದು ಕೆಲಸ ಹೆಚ್ಚಿಗೆ. ಪಾಠವೆಲ್ಲ ನಂದಿನಾಗರಿಯಲ್ಲಿ, ಕೊನೆಗೆ ‘ಶ್ರೀ ವಿರೂಪಾಕ್ಷ’ ಎಂಬ ಅಂಕಿತ ದೊಡ್ಡ ಕನ್ನಡ ಅಕ್ಷರಗಳಲ್ಲಿ. ನಂದಿನಾಗರಿ ತಲೆಗೆರೆಯಿಂದ ಇಳಿಬಿದ್ದ ಲಿಪಿ, ಕನ್ನಡ ಕೆಳಗೆರೆಯ ಮೇಲೆ ಕೂರುವ ಲಿಪಿ. ಎರಡನ್ನೂ ಒಂದೇ ಸಾಲಿನಲ್ಲಿಟ್ಟು ಮೇಲೆ-ಕೆಳಗಿನ ನಡು ಹಿಡಿಯಲು ಹೋದರೆ ಎರಡೂ ತೇಲಾಡುತ್ತವೆ. ಅಂಕಿತಕ್ಕೆ ಬೇರೆಯೇ ಸಾಲು ಕೊಡಿ, ಅಕ್ಷರದ ಗಾತ್ರ ಹೆಚ್ಚಿಸಿ, ಅದು ಎಡಕ್ಕೋ ನಡುವಿಗೋ ಬಲಕ್ಕೋ ಎಂಬುದನ್ನು ಆಯಾ ಹಲಗೆಯ ಪಡಿಯಚ್ಚು ನೋಡಿ ಹಾಕಿ.